ಊರಿಗೆ ಪಾದ್ರಿಯನ್ನು ಕಳಿಸುವವರು ಯಾರು?

ಉಡುಪಿಯಿಂದ ಕುಂದಾಪುರಕ್ಕೆ ಹೊರಟ ಬಸ್ಸು ಸಂತೆಕಟ್ಟೆ ದಾಟಿ, ಸ್ವರ್ಣಾ ನದಿಯ ಸೇತುವೆ ಹತ್ತಿಳಿದರೆ ಸ್ವಲ್ಪ ಹೊತ್ತಿಗೆ ಬ್ರಹ್ಮಾವರ. ಪೇಟೆಯ ಶಾಲೆ, ಕಾಲೇಜುಗಳ ಫಲಕಗಳ ಮೇಲೆ ಎಸ್.ಎಂ.ಎಸ್. ಎಂಬ ಮೂರಕ್ಷರ ಕಾಣುತ್ತದೆ. ಬಿಡಿಸಿ ಓದಿದರೆ ಸೇಂಟ್ ಮೇರೀಸ್ ಸಿರಿಯನ್. ಅದು ಊರಿನ ದೊಡ್ಡ ಇಗರ್ಜಿಯ ಹೆಸರು. ಈ ಇಗರ್ಜಿಯವರ ಮನೆಮಾತು ಕೊಂಕಣಿ. ಅಡ್ಡಹೆಸರುಗಳು ಗೋವಾ ಕಡೆಯವು. ಅಡುಗೆ, ಮದುವೆಯ ರೋಸ್, ಹಾಡುವ ವೊವಿಯೊ ಎಲ್ಲವೂ ನದಿಯಾಚೆ ಕಲ್ಯಾಣಪುರದ ಕಥೋಲಿಕರಲ್ಲಿರುವಂತೆಯೇ. ಆದರೆ ಇವರ ಬಿಷಪರು ರೋಮಿಗೆ ಸೇರಿದವರಲ್ಲ. ಇವರದು ಕೇರಳದ ಕೋಟ್ಟಯಂ ಕೇಂದ್ರವಾಗಿರುವ ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಸಭೆ.

ಗೋವಾದಿಂದ ಬಂದ, ಕೊಂಕಣಿ ಆಡುವ, ಮಲಯಾಳ ತಿಳಿಯದ ಒಂದು ಊರಿನ ಜನ ಕೋಟ್ಟಯಂ ಸಭೆಗೆ ಸೇರಿದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಕುಂದಾಪುರ, ಬಸ್ರೂರು, ಗಂಗೊಳ್ಳಿ, ಲಿಸ್ಬನ್, ರೋಮ್, ಕೆಳದಿ, ಕೊಲಂಬೊಗಳನ್ನೆಲ್ಲ ಸುತ್ತಿ ಬರಬೇಕಾಗುತ್ತದೆ. ಸುತ್ತಿ ಬಂದ ಮೇಲೆ ಉಳಿಯುವುದು ಒಂದೇ ಒಂದು ಹಳೆಯ ತಕರಾರು: ನಮ್ಮ ಊರಿಗೆ ಪಾದ್ರಿಯನ್ನು ಕಳಿಸುವ ಹಕ್ಕು ಯಾರದು?

ಇಗರ್ಜಿಯ ಚರಿತ್ರೆ ಎಂದರೆ ಬರೀ ದೇವರು, ಪೂಜೆ, ಕಟ್ಟಡದ ಸಂಗತಿ ಎಂದುಕೊಳ್ಳುವವರು ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯನ್ನು ನೆನೆಯಬೇಕು. ಡೆವನ್ ಪ್ರಾಂತದಲ್ಲಿ, ಎಕ್ಸ್‌ಮೂರ್ ಬಯಲಿನ ಅಂಚಿಗೆ ಮೋರ್‌ಬಾತ್ ಎಂಬ ಊರಿದೆ. 16ನೇ ಶತಮಾನದಲ್ಲಿ ಅಲ್ಲಿದ್ದದ್ದು 33 ಕುಟುಂಬಗಳು. ಎಲ್ಲರೂ ಕುರಿ ಸಾಕುವ ಬಡ ರೈತರು. 1520ರಲ್ಲಿ ಅಲ್ಲಿಗೆ ಬಂದ ಪಾದ್ರಿ ಸರ್ ಕ್ರಿಸ್ಟೋಫರ್ ಟ್ರಿಕೇ 1574ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅಷ್ಟೂ ವರ್ಷ ಇಗರ್ಜಿಯ ಲೆಕ್ಕ ಬರೆದರು. ಯಾವ ಸಂತರ ಹೆಸರಿಗೆ ಎಷ್ಟು ಕುರಿ, ಮೇಣಕ್ಕೆ ಎಷ್ಟು ಖರ್ಚು, ಯಾವ ವಿಧವೆ ಏನು ಕೊಟ್ಟಳು, ಎಲ್ಲವೂ ಆ ಲೆಕ್ಕದಲ್ಲಿದೆ. ಅದೇ ಕಾಲದಲ್ಲಿ ದೊರೆ ಎಂಟನೇ ಹೆನ್ರಿ ರೋಮಿನಿಂದ ಕಡಿದುಕೊಂಡ. ಮೂರ್ತಿಗಳನ್ನು ತೆಗೆಸಿದರು, ಲ್ಯಾಟಿನ್ ಪ್ರಾರ್ಥನೆ ನಿಂತಿತು. 1549ರಲ್ಲಿ ಹೊಸ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದ ವಿರುದ್ಧ ಪಶ್ಚಿಮ ಸೀಮೆ ದಂಗೆ ಎದ್ದಾಗ ಈ ಹಳ್ಳಿ ತನ್ನ ಐದು ಹುಡುಗರಿಗೆ ಆಯುಧ ಕೊಟ್ಟು ಎಕ್ಸೆಟರ್ ಕಡೆಗೆ ಕಳಿಸಿತು. ಆ ಖರ್ಚೂ ಲೆಕ್ಕದ ಪುಸ್ತಕದಲ್ಲಿದೆ. ಇತಿಹಾಸಕಾರ ಈಮನ್ ಡಫಿ 2001ರಲ್ಲಿ ಈ ಲೆಕ್ಕಗಳನ್ನೇ ಆಧರಿಸಿ ಇಡೀ ಗ್ರಂಥ ಬರೆದರು. ರಾಜರ ಆಜ್ಞೆ ಹಳ್ಳಿಯ ಅಂಗಳಕ್ಕೆ ಬಂದು ಇಳಿದಾಗ ಏನಾಯಿತು ಎಂಬುದು ಜಗತ್ತಿಗೆ ಗೊತ್ತಾದದ್ದು ಒಬ್ಬ ಹಳ್ಳಿ ಪಾದ್ರಿಯ ಜಮಾ ಖರ್ಚಿನಿಂದ.

ಒಂದು ಇಗರ್ಜಿಗೆ ಸೇರಿದ ಸರಹದ್ದನ್ನು ಇಂಗ್ಲಿಷರು ಪ್ಯಾರಿಷ್ ಎನ್ನುತ್ತಾರೆ. ನಮ್ಮ ಕರಾವಳಿಯ ಕ್ರೈಸ್ತರ ಬಾಯಲ್ಲಿ ಅದು ಫಿರ್ಗಜ್. ಪೋರ್ಚುಗೀಸರ ಫ್ರೆಗೆಸಿಯಾ ಕೊಂಕಣಿಯಲ್ಲಿ ತಿರುಗಿ ಹಾಗಾಯಿತು. ಇಗರ್ಜಿ, ಪಾದ್ರಿ, ವಿಗಾರ್, ಫೆಸ್ತ್ ಇವೂ ಅದೇ ಹಡಗಿನಲ್ಲಿ ಬಂದ ಮಾತುಗಳು. ಕೆಲವು ಮಾತು ಮಾತ್ರ ಇಲ್ಲಿನ ಮಣ್ಣಿನವು. ಫಿರ್ಗಜ್ ಹಲವು ವಾಡೊಗಳಾಗಿ ಹಂಚಿಕೊಂಡಿರುತ್ತದೆ. ಪ್ರತಿ ವಾಡೊಗೆ ಒಬ್ಬ ಗುರ್ಕಾರ್. ಸಾವಿನ ಮನೆಗೆ ಮೊದಲು ಬರುವವನು, ಮದುವೆ ಗೊತ್ತಾದರೆ ಮೊದಲು ತಿಳಿಯಬೇಕಾದವನು, ಅಣ್ಣತಮ್ಮಂದಿರ ಬೇಲಿ ಜಗಳಕ್ಕೆ ಮಾತು ಹೇಳುವವನು ಅವನೇ. ಕರಾವಳಿಯ ಅನೇಕ ಹಿಂದೂ ಸಮುದಾಯಗಳಲ್ಲಿ ಊರ ಹಿರಿಯನಿಗೆ ಇರುವ ಗುರಿಕಾರ ಎಂಬ ಹೆಸರೂ ಇದೇ. ಕೋಟದ ಹದಿನಾಲ್ಕು ಗ್ರಾಮ ಎಂದರೆ, ಬಾರ್ಕೂರು ಸೀಮೆಯ ಮಾಗಣೆ ಎಂದರೆ ಕುಂದಾಪುರ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ದೇವಸ್ಥಾನಕ್ಕೆ, ಒಂದು ದೈವಕ್ಕೆ ನಡೆದುಕೊಳ್ಳುವ ಮನೆಗಳು ಹೇಗೆ ಒಂದು ಘಟಕವೋ ಫಿರ್ಗಜ್ ಕೂಡ ಹಾಗೆಯೇ. ಗೋವಾದಿಂದ ಬಂದವರು ಹೆಸರನ್ನು ಹೊತ್ತು ತಂದರು. ಕಟ್ಟಿಕೊಂಡ ಬದುಕಿನ ಚೌಕಟ್ಟು ಈ ನಾಡಿನದೇ.

ಆ ಬರವು ಶುರುವಾದದ್ದು ಅಕ್ಕಿಯಿಂದ. ಗೋವಾ ಎಂಬ ಪೋರ್ಚುಗೀಸ್ ರಾಜಧಾನಿಗೆ ತಾನು ಉಣ್ಣುವಷ್ಟು ಅಕ್ಕಿ ಬೆಳೆಯಲು ಆಗುತ್ತಿರಲಿಲ್ಲ. ಕನ್ನಡ ಕರಾವಳಿಯ ಅಕ್ಕಿಯೇ ಅದರ ಹೊಟ್ಟೆ ತುಂಬಿಸುತ್ತಿತ್ತು. ಬಸ್ರೂರು ಆ ಅಕ್ಕಿಯ ದೊಡ್ಡ ಬಂದರು. ವಾರಾಹಿಯ ದಡದ ಆ ಊರನ್ನು ಪರದೇಶಿಗಳು ಬಾರ್ಸಿಲೋರ್ ಎಂದು ಬರೆದರು. 1560ರ ದಶಕದ ಕೊನೆಯಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಲೂಯಿಸ್ ದ ಅತಾಯಿದ್ ಹೊನ್ನಾವರ, ಬಸ್ರೂರುಗಳ ಮೇಲೆ ಬಿದ್ದು ಕೋಟೆ ಹಾಕಿದ. ಕೋಟೆಯ ಹಿಂದೆಯೇ ಇಗರ್ಜಿಗಳು ಬಂದವು. ಕುಂದಾಪುರದ ಹೋಲಿ ರೋಸರಿ ಇಗರ್ಜಿ ತನ್ನ ಹುಟ್ಟನ್ನು 1570ಕ್ಕೆ ಒಯ್ಯುತ್ತದೆ. ಕನ್ನಡ ಕರಾವಳಿಯ ಅತಿ ಹಳೆಯ ಇಗರ್ಜಿಗಳಲ್ಲಿ ಅದೂ ಒಂದು.

ಅಲ್ಲಿ ಮೊದಲು ಮೊಣಕಾಲೂರಿದವರು ಕೋಟೆಯ ಸಿಪಾಯಿಗಳು, ವ್ಯಾಪಾರಿಗಳು. ಊರಿಗೆ ಬೇರು ಬಿಟ್ಟವರು ಮಾತ್ರ ಬೇರೆಯವರು. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮ ವಿಚಾರಣೆಯ ನ್ಯಾಯಾಲಯ ಶುರುವಾಯಿತು. ಮತಾಂತರವಾದ ಮೇಲೂ ತುಳಸಿಕಟ್ಟೆ ಇಟ್ಟುಕೊಂಡವರು, ಹಳೆಯ ಮದುವೆಯ ಶಾಸ್ತ್ರ ಬಿಡದವರು ಅದಕ್ಕೆ ಹೆದರಿದರು. ಬರಗಾಲ, ಬಿಜಾಪುರದ ದಾಳಿ, ಆಮೇಲೆ 1683ರಲ್ಲಿ ಸಂಭಾಜಿಯ ಸೈನ್ಯ, ಒಂದೊಂದಕ್ಕೂ ಒಂದಷ್ಟು ಕುಟುಂಬ ದಕ್ಷಿಣಕ್ಕೆ ದೋಣಿ ಹತ್ತಿತು. ಅದೇ ನಾಡಿನಿಂದ, ಅದೇ ಪೋರ್ಚುಗೀಸರ ಕಿರುಕುಳಕ್ಕೆ, ಕೊಂಕಣಿ ಮಾತಾಡುವ ಗೌಡ ಸಾರಸ್ವತರೂ ತಮ್ಮ ದೇವರನ್ನು ಎತ್ತಿಕೊಂಡು ಬಂದಿದ್ದರು. ಗಂಗೊಳ್ಳಿ, ಬಸ್ರೂರು, ಕುಂದಾಪುರದ ಪೇಟೆಗಳಲ್ಲಿ ಇಬ್ಬರೂ ಒಂದೇ ಮಾತಿನವರಾಗಿ ಅಕ್ಕಪಕ್ಕ ಅಂಗಡಿ ಹಾಕಿದ್ದು ಇತಿಹಾಸದ ಆಕಸ್ಮಿಕವಲ್ಲ. ಒಂದೇ ಸಂಕಟದ ಎರಡು ಕವಲುಗಳು ಅವು.

ಈ ಕರಾವಳಿಯನ್ನು ಆಳುತ್ತಿದ್ದ ಕೆಳದಿಯ ನಾಯಕರಿಗೆ ಕೃಷಿ ಗೊತ್ತಿದ್ದ ಕೈಗಳು ಬೇಕಿದ್ದವು. ಕಾಡು ಕಡಿದು ಗದ್ದೆ ಮಾಡುವವರಿಗೆ ಜಾಗ ಸಿಕ್ಕಿತು. 1623ರ ಕೊನೆಯಲ್ಲಿ ಇಕ್ಕೇರಿಯಿಂದ ಘಟ್ಟ ಇಳಿದು ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಇಲ್ಲಿ ಎರಡು ಬಾರ್ಸಿಲೋರ್‌ಗಳನ್ನು ಕಂಡ. ಮೇಲಿನದು ಇಕ್ಕೇರಿಯ ವೆಂಕಟಪ್ಪ ನಾಯಕನ ಪ್ರಜೆಗಳ ಪೇಟೆ, ಕೆಳಗಿನದು ಪೋರ್ಚುಗೀಸರ ಕೋಟೆ. ಒಂದೇ ಹೊಳೆ, ಎರಡು ಆಳ್ವಿಕೆ. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಬಸ್ರೂರನ್ನು ಕೊಳ್ಳೆ ಹೊಡೆದು ಹೋದ. ಪೋರ್ಚುಗೀಸರ ಬಲ ಕುಗ್ಗುತ್ತ ಹೋದಂತೆ ಅವರು ಕೆಳದಿಯವರೊಂದಿಗೆ ಒಪ್ಪಂದಗಳಿಗೆ ಕೂತರು. 1678ರ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಆರಂಭವೂ ಅದೇ ವರ್ಷದ್ದು. ಲಿಂಗಾಯತ ದೊರೆಯ ಮುದ್ರೆ ಬಿದ್ದ ಕಾಗದದಿಂದ ಕ್ರೈಸ್ತ ಇಗರ್ಜಿ ಎದ್ದು ನಿಂತ ಈ ಸಂಗತಿ ನಮ್ಮ ಶಾಲೆಯ ಪಾಠಗಳಲ್ಲಿ ಇರಬೇಕಿತ್ತು.

ತಕರಾರಿನ ಮೊದಲ ಅಧ್ಯಾಯ ಬರುವುದು ಇಲ್ಲೇ. 15ನೇ ಶತಮಾನದಿಂದ ಪೋಪರು ಪೋರ್ಚುಗಲ್ ದೊರೆಗೆ ಒಂದು ಹಕ್ಕು ಕೊಟ್ಟಿದ್ದರು. ಪೂರ್ವ ದೇಶಗಳಲ್ಲಿ ಇಗರ್ಜಿ ಕಟ್ಟಿಸುವ ಖರ್ಚು ಅವನದು; ಬಿಷಪರನ್ನು ಹೆಸರಿಸುವ, ಪಾದ್ರಿಗಳನ್ನು ಕಳಿಸುವ ಅಧಿಕಾರವೂ ಅವನದು. ಇದು ಪಾದ್ರುವಾದೊ. ಪೋರ್ಚುಗಲ್ ಸೊರಗಿದಾಗ ರೋಮ್ ತಾನೇ ಕೈ ಹಾಕಲು 1622ರಲ್ಲಿ ಪ್ರೊಪಗಾಂಡ ಎಂಬ ಇಲಾಖೆ ತೆರೆಯಿತು. ಅದರ ಕಡೆಯಿಂದ ಕನ್ನಡ ಕರಾವಳಿಗೆ ಬಂದ ಬಿಷಪರು ಗೋವಾದವರೇ ಆದ ತೊಮಾಸ್ ದ ಕಾಸ್ತ್ರೊ. ಗೋವಾದ ಪಾದ್ರುವಾದೊ ಪಾದ್ರಿಗಳು ಅವರನ್ನು ಒಪ್ಪಲಿಲ್ಲ. ಕಾಸ್ತ್ರೊ ಈ ಪಾದ್ರಿಗಳನ್ನು ಒಪ್ಪಲಿಲ್ಲ. ಇವರು ಕೊಟ್ಟ ಸಂಸ್ಕಾರ ಸಲ್ಲದು ಎಂದು ಅವರು, ಅವರದು ಸಲ್ಲದು ಎಂದು ಇವರು. ರೋಮ್ ಮತ್ತು ಲಿಸ್ಬನ್ ನಡುವಿನ ಈ ಮಾತಿನ ಪೆಟ್ಟು ಬಿದ್ದದ್ದು ಗದ್ದೆಯಲ್ಲಿ ನೇಜಿ ನೆಡುತ್ತಿದ್ದವರಿಗೆ. ನನ್ನ ಮದುವೆ ಊರ್ಜಿತವೇ, ಸತ್ತ ಅಪ್ಪನಿಗೆ ಕೊನೆಯ ಸಂಸ್ಕಾರ ಸರಿಯಾಗಿ ಆಯಿತೇ ಎಂದು ಅವರು ಅಂಜಬೇಕಾಯಿತು.

1681ರಲ್ಲಿ ಗೋವಾದಿಂದ ಬಂದ ಮೂವತ್ತು ವರ್ಷದ ಒಬ್ಬ ಪಾದ್ರಿಗೆ ಈ ಉರಿಯನ್ನು ಆರಿಸುವ ಕೆಲಸ ಬಿತ್ತು. ಹೆಸರು ಜುಜೆ ವಾಜ್, ಹುಟ್ಟಿದ್ದು 1651ರಲ್ಲಿ, ಗೋವಾದ ಬೆಣಾವಲಿಯಲ್ಲಿ. ಅವರ ಮಾತು ಕೊಂಕಣಿ, ನಡೆದಾಟ ಬರಿಗಾಲಲ್ಲಿ. ಪಾದ್ರುವಾದೊ ಕಡೆಯಿಂದ ಬಂದರೂ ಅವರು ಕಾಸ್ತ್ರೊ ಅವರೊಡನೆ ಕಾದಾಡಲು ಹೋಗಲಿಲ್ಲ. ರೋಮಿನ ತೀರ್ಮಾನ ಬರುವವರೆಗೆ ಜನಕ್ಕೆ ತೊಂದರೆಯಾಗದಿರಲಿ ಎಂದು ರಾಜಿಯ ದಾರಿ ಹುಡುಕಿದರು. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಪಾಠ ಹೇಳಿಸಿದರು. ಕುಂದಾಪುರದ ಇಗರ್ಜಿಯಲ್ಲಿ ರಾತ್ರಿ ಪ್ರಾರ್ಥನೆಯಲ್ಲಿದ್ದಾಗ ಅವರ ದೇಹ ನೆಲ ಬಿಟ್ಟು ಮೇಲೆದ್ದು ಎತ್ತರದ ಶಿಲುಬೆಯನ್ನು ಅಪ್ಪಿಕೊಂಡಿತ್ತು, ರೋಗಿಯೊಬ್ಬನ ಬಳಿಗೆ ಕರೆದೊಯ್ಯಲು ಬಂದವರು ಅದನ್ನು ಕಂಡರು ಎಂಬ ನಂಬಿಕೆ ಇಂದಿಗೂ ಆ ಫಿರ್ಗಜಿನಲ್ಲಿ ಜೀವಂತ. 1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಮೂರು ವರ್ಷದ ಮೇಲೆ ಕೂಲಿಯವನ ವೇಷದಲ್ಲಿ ಡಚ್ಚರ ಕಣ್ಣು ತಪ್ಪಿಸಿ ಸಿಂಹಳಕ್ಕೆ ಹೋದರು. ಅಲ್ಲೇ, ಕ್ಯಾಂಡಿಯಲ್ಲಿ, 1711ರ ಜನವರಿ 16ರಂದು ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಕುಂದಾಪುರದ ಇಗರ್ಜಿಯ ನೆಲದಲ್ಲಿ ನಡೆದಾಡಿದ ಒಬ್ಬರ ಹೆಸರು ಹೀಗೆ ಇಡೀ ಕಥೋಲಿಕ ಜಗತ್ತಿನ ಪಂಚಾಂಗದೊಳಗೆ ಸೇರಿತು.

ಜುಜೆ ವಾಜ್ ಕರಾವಳಿ ಬಿಟ್ಟು ನೂರು ವರ್ಷ ಕಳೆದ ಮೇಲೆ ಫಿರ್ಗಜುಗಳೇ ಇಲ್ಲವಾದವು. ಇಂಗ್ಲಿಷರೊಂದಿಗಿನ ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಶತ್ರುವಿಗೆ ನೆರವಾದರೆಂದು ಶಂಕಿಸಿದ ಟಿಪ್ಪು ಸುಲ್ತಾನ್ ಅವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲು ಆಜ್ಞೆ ಕೊಟ್ಟ. ಅದು 1784ರ ಫೆಬ್ರವರಿ, ಕ್ರೈಸ್ತರ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ. ಸೆರೆಹೋದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಅಂದಾಜುಗಳಿವೆ. 27 ಇಗರ್ಜಿಗಳು ನೆಲಸಮವಾದವು ಎಂಬ ಪರಂಪರೆಯ ಲೆಕ್ಕದಲ್ಲಿ ಬಾರ್ಕೂರಿನ ರೊಸಾರಿಯೊ ಇಗರ್ಜಿಯ ಹೆಸರೂ ಇದೆ. ಘಟ್ಟ ಹತ್ತುವ ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಮತ ಬದಲಿಸಬೇಕಾದವರು ಎಷ್ಟೋ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಇಳಿದು ಬಂದರು. ಗದ್ದೆಗಳು ಬೇರೆಯವರ ಕೈಯಲ್ಲಿದ್ದವು ಅಥವಾ ಕಾಡಾಗಿದ್ದವು. ಹದಿನೈದು ವರ್ಷದ ಹಿಂದೆ ಕೈಹಿಡಿದು ನಡೆಸಿಕೊಂಡು ಹೋದ ಮಕ್ಕಳು ಈಗ ಸಂಸಾರಸ್ಥರಾಗುವ ವಯಸ್ಸಿನವರು. ಮೊದಲಿಂದ ಎಲ್ಲವನ್ನೂ ಕಟ್ಟಬೇಕಾಯಿತು. ಇಂದು ಕುಂದಾಪುರ, ಬ್ರಹ್ಮಾವರ, ಬೈಂದೂರು ಸೀಮೆಯ ಕೊಂಕಣಿ ಕ್ರೈಸ್ತ ಮನೆಗಳು ಎರಡು ಸಲ ಊರು ಬಿಟ್ಟು ಎರಡು ಸಲ ಊರು ಕಟ್ಟಿದವರ ಮನೆಗಳು. ಅವರ ಮಾತಿನಲ್ಲಿ ಇಗರ್ಜಿಯ ಬಗ್ಗೆ ಕಾಣುವ ಬಿಗಿ ಹಿಡಿತಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ.

ಅಷ್ಟೆಲ್ಲ ಆದ ಮೇಲೂ ಹಳೆಯ ತಕರಾರು ಸತ್ತಿರಲಿಲ್ಲ. 19ನೇ ಶತಮಾನದಲ್ಲಿ ಮತ್ತೆ ಎದ್ದಿತು. ಮಂಗಳೂರಿನ ಮಿಶನ್ ರೋಮಿನ ಪ್ರೊಪಗಾಂಡದ ಕೈಯಲ್ಲಿತ್ತು. 1878ರ ಕೊನೆಗೆ ಅಲ್ಲಿ ಇಟಲಿಯ ಯೇಸುಸಭೆಯವರು ಬಂದಿಳಿದರು. ಅವರು ಕೆಲಸಗಾರರು, ವಿದ್ವಾಂಸರು. ಅವರಲ್ಲೊಬ್ಬರಾದ ಆಂಜೆಲೊ ಮಾಫೇಯಿ 1882ರಲ್ಲಿ ಕೊಂಕಣಿ ವ್ಯಾಕರಣ, ಮರುವರ್ಷ ನಿಘಂಟು ತಂದರು. ಆದರೆ ಗೋವಾದ ಆರ್ಚ್‌ಬಿಷಪರನ್ನೇ ತಮ್ಮವರೆಂದು ನಂಬಿಕೊಂಡಿದ್ದ ಫಿರ್ಗಜುಗಳೂ ಇದ್ದವು. ಗೋವಾ ಎಂದರೆ ಅವರಿಗೆ ತವರು. ಅಜ್ಜಂದಿರ ಊರು, ತಮ್ಮ ಮಾತಾಡುವ, ತಮ್ಮ ಬಣ್ಣದ ಪಾದ್ರಿಗಳು ಬರುವ ಊರು.

1886ರ ಜೂನ್ 23ರಂದು ರೋಮಿನಲ್ಲಿ ಪೋಪ್ ಹದಿಮೂರನೇ ಲಿಯೊ ಮತ್ತು ಪೋರ್ಚುಗಲ್ ಸರ್ಕಾರ ಒಂದು ಒಪ್ಪಂದಕ್ಕೆ ಬಂದವು. ಪಾದ್ರುವಾದೊ ಹಕ್ಕಿನ ಹರವು ಕಿರಿದಾಯಿತು. ಬ್ರಹ್ಮಾವರ ಕಡೆಯ ಇಗರ್ಜಿಗಳು ಗೋವಾದ ಕೈತಪ್ಪಿ ಮಂಗಳೂರಿಗೆ ಸೇರಿದವು. ಸಹಿ ಹಾಕಿದವರು ಬ್ರಹ್ಮಾವರದ ಯಾವ ಗುರ್ಕಾರನನ್ನೂ ಕೇಳಿರಲಿಲ್ಲ.

ಈ ಒಪ್ಪಂದವನ್ನು ಒಪ್ಪದ ಇಬ್ಬರು ಪಾದ್ರಿಗಳ ಹೆಸರು ಬ್ರಹ್ಮಾವರದ ಜೊತೆ ಬೆಸೆದುಕೊಂಡಿದೆ. ಒಬ್ಬರು ಆಂತೊನಿಯೊ ಫ್ರಾನ್ಸಿಸ್ಕೊ ಶಾವಿಯೇರ್ ಆಲ್ವಾರಿಸ್. ಗೋವಾದ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದವರು, ಪತ್ರಿಕೆ ನಡೆಸಿದವರು, ಪೋರ್ಚುಗೀಸ್ ಸರ್ಕಾರವನ್ನೂ ಇಗರ್ಜಿಯ ದೊಡ್ಡವರನ್ನೂ ಸಮನಾಗಿ ಪ್ರಶ್ನಿಸಿದವರು. ಇನ್ನೊಬ್ಬರು ರೋಕ್ ಜೆಫ್ರಿನ್ ನೊರೊನ್ಹಾ. ರೋಮಿನಿಂದ ಹೊರಬಂದರೆ ಹೋಗುವುದೆಲ್ಲಿಗೆ? ಬಿಷಪರಿಲ್ಲದೆ ಪಾದ್ರಿಗಳಿಲ್ಲ, ಪಾದ್ರಿಗಳಿಲ್ಲದೆ ಸಂಸ್ಕಾರವಿಲ್ಲ. ಆಲ್ವಾರಿಸರ ಕಣ್ಣು ಕೇರಳದ ಕಡೆ ಹೊರಳಿತು. ಸಂತ ತೋಮಸರ ಪರಂಪರೆಯವರೆಂದು ಹೇಳಿಕೊಳ್ಳುವ, ರೋಮಿನ ಅಧೀನವಲ್ಲದ, ಅಂತಿಯೋಕ್ಯದ ಕುಲಪಿತರೊಂದಿಗೆ ಸಂಬಂಧವಿದ್ದ ಮಲಂಕರ ಸಭೆ ಅಲ್ಲಿತ್ತು. 1889ರ ಜುಲೈ 28ರಂದು ಕೋಟ್ಟಯಂನ ಹಳೆಯ ಸೆಮಿನರಿಯಲ್ಲಿ ಆಲ್ವಾರಿಸರಿಗೆ ಬಿಷಪ್ ದೀಕ್ಷೆಯಾಯಿತು. ಹೊಸ ಹೆಸರು ಮಾರ್ ಜೂಲಿಯಸ್. ದೀಕ್ಷೆ ಕೊಟ್ಟವರಲ್ಲಿ ಪರುಮಲದ ಸಂತರೆಂದು ಮುಂದೆ ಹೆಸರಾದ ಗೀವರ್ಗೀಸ್ ಮಾರ್ ಗ್ರಿಗೋರಿಯೋಸ್ ಕೂಡ ಇದ್ದರು. ಮಾರ್ ಜೂಲಿಯಸರಿಗೆ ಸಿಂಹಳ, ಗೋವಾ ಮತ್ತು ಮಲಬಾರು ಬಿಟ್ಟ ಭಾರತದ ಹೊಣೆ ಬಂತು. ರೋಮ್ ಅವರಿಗೆ ಬಹಿಷ್ಕಾರ ಹಾಕಿತು.

ಇಲ್ಲಿ ಒಂದು ಅಂಶವನ್ನು ನಿಧಾನವಾಗಿ ನೋಡಬೇಕು. ಆಲ್ವಾರಿಸರ ಹಿಂದೆ ಬಂದ ಬ್ರಹ್ಮಾವರದವರ ಮೇಲೆ ಕೋಟ್ಟಯಂ ಸಭೆಯವರು ಸುರಿಯಾನಿ ಭಾಷೆಯ ತಮ್ಮ ಪೂಜಾವಿಧಿಯನ್ನು ಹೇರಲಿಲ್ಲ. ಬ್ರಹ್ಮಾವರದವರು ದಶಕಗಳ ಕಾಲ ತಮ್ಮ ಹಳೆಯ ಲ್ಯಾಟಿನ್ ಪದ್ಧತಿಯ ಪೂಜೆಯನ್ನೇ ನಡೆಸಿಕೊಂಡರು. ಅಜ್ಜಂದಿರು ಮಾಡಿದಂತೆಯೇ ಮೀಸ್, ಅದೇ ಉಡುಪು, ಅದೇ ಹಾಡು. ಅವರು ನಂಬಿಕೆಯನ್ನು ಬದಲಿಸಲು ಹೊರಟವರೇ ಆಗಿರಲಿಲ್ಲ. ತಮ್ಮನ್ನು ಕೇಳದೆ ತಮ್ಮ ಇಗರ್ಜಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಿದ್ದನ್ನು ಅವರು ಒಪ್ಪಲಿಲ್ಲ, ಅಷ್ಟೇ. ಮೋರ್‌ಬಾತಿನ ಐದು ಹುಡುಗರು ಮತ್ತು ಬ್ರಹ್ಮಾವರದ ಗೇಣಿ ರೈತರು ಒಬ್ಬರನ್ನೊಬ್ಬರು ನೋಡಿದ್ದರೆ ಮಾತಿಲ್ಲದೆಯೂ ಅರ್ಥ ಮಾಡಿಕೊಳ್ಳುತ್ತಿದ್ದರು.

ಮಾರ್ ಜೂಲಿಯಸರ ಉಳಿದ ಬದುಕು ಬಹುಪಾಲು ಗೋವಾದಲ್ಲಿ ಕಳೆಯಿತು. 1892ರಲ್ಲಿ ಕೊಲಂಬೊಗೆ ಹೋಗಿ ಅಮೆರಿಕದ ರೆನೆ ವಿಲಾತ್ ಎಂಬವರಿಗೆ ಬಿಷಪ್ ದೀಕ್ಷೆ ಕೊಟ್ಟದ್ದರಿಂದ ಪಶ್ಚಿಮದ ಸ್ವತಂತ್ರ ಸಭೆಗಳ ಚರಿತ್ರೆಯಲ್ಲೂ ಅವರ ಹೆಸರು ಸೇರಿತು. ಗೋವಾದಲ್ಲಿ ಪೋರ್ಚುಗೀಸರು ಅವರನ್ನು ಬಂಧಿಸಿದರು, ಬಿಷಪ್ ಉಡುಪು ಕಳಚಿಸಿ ಅವಮಾನಿಸಿದರು. ಅವರು ಕಾಲರಾ ಚಿಕಿತ್ಸೆಯ ಬಗ್ಗೆ ಪುಸ್ತಿಕೆ ಬರೆದರು. ಅಕ್ಕಿ ಸಿಗದ ಬಡವರಿಗೆ ಮರಗೆಣಸು ಬೆಳೆಯುವುದನ್ನು ಕಲಿಸಲು ಇನ್ನೊಂದನ್ನು ಬರೆದರು. ಅನಾಥರನ್ನು, ರೋಗಿಗಳನ್ನು ಸಾಕಿದರು. 1923ರ ಸೆಪ್ಟೆಂಬರ್ 23ರಂದು ತೀರಿಕೊಂಡಾಗ ಅವರ ಶವದ ಹಿಂದೆ ನಡೆದವರು ಪಣಜಿಯ ಬಡವರು.

ಬ್ರಹ್ಮಾವರದಲ್ಲಿ ನಿಂತವರು ಪಾದ್ರಿ ನೊರೊನ್ಹಾ. 1880ರ ದಶಕದ ಕೊನೆಯಿಂದ 1936ರಲ್ಲಿ ತೀರಿಕೊಳ್ಳುವವರೆಗೆ, ಹತ್ತಿರ ಹತ್ತಿರ ಐದು ದಶಕ, ಒಂದೇ ಊರು. ಅವರು ಪೇಟೆಯ ಸುತ್ತಲಿನ ಬಡ ಮಕ್ಕಳಿಗೆ ಶಾಲೆ ನಡೆಸಿದರು. ಜಾತಿ, ಮತ ಕೇಳಲಿಲ್ಲ. ಇಂದು ಬ್ರಹ್ಮಾವರ ಶಿಕ್ಷಣ ಸಂಸ್ಥೆಗಳ ಊರು ಎನಿಸಿಕೊಂಡಿದ್ದರೆ ಅದರ ಬೇರು ಆ ಶಾಲೆಯಲ್ಲಿದೆ. ಕೋಟ್ಟಯಂ ದೂರ, ರೋಮ್ ಮುಚ್ಚಿದ ಬಾಗಿಲು, ಕೈಯಲ್ಲಿ ಕಾಸಿಲ್ಲ. ಹೀಗಿರುವ ಒಂದು ಪುಟ್ಟ ಸಮುದಾಯ ಚದುರಿ ಹೋಗದೆ ನಿಂತದ್ದಕ್ಕೆ ಮುಖ್ಯ ಕಾರಣ, ಅವರ ಪಾದ್ರಿ ಊರು ಬಿಟ್ಟು ಹೋಗದಿದ್ದದ್ದು.

ಒಡಕಿನ ನೋವು ಇರಲಿಲ್ಲವೆಂದಲ್ಲ. ಒಂದೇ ಅಡ್ಡಹೆಸರಿನ, ಒಂದೇ ಬುಡದ ಕುಟುಂಬಗಳು ಎರಡು ಇಗರ್ಜಿಗಳಿಗೆ ಹಂಚಿಹೋದವು. ಯಾವ ಇಗರ್ಜಿಯಲ್ಲಿ ಮದುವೆ, ಯಾವ ಸಿಮೆಸ್ತ್ರಿಯಲ್ಲಿ ಮಣ್ಣು ಎಂಬುದು ರಕ್ತಸಂಬಂಧಕ್ಕಿಂತ ದೊಡ್ಡ ಮಾತಾಯಿತು. ಕಾಲ ಅದನ್ನು ಮೆದುವಾಗಿಸಿತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ರೋಮಿನ ಕಡೆಯ ಇಗರ್ಜಿಗಳಲ್ಲೂ ಲ್ಯಾಟಿನ್ ಬದಿಗೆ ಸರಿದು ಕನ್ನಡ ಲಿಪಿಯ ಕೊಂಕಣಿ ಬಂತು. ಬ್ರಹ್ಮಾವರದವರು ನಿಧಾನವಾಗಿ ಸಿರಿಯನ್ ಪೂಜಾವಿಧಿಗೆ ಹೊರಳಿದರು, ಆದರೆ ಕೊಂಕಣಿಯನ್ನು ಕೈಬಿಡಲಿಲ್ಲ. 2010ರಲ್ಲಿ ಮಲಂಕರ ಸಭೆ ಬ್ರಹ್ಮಾವರದ ಹೆಸರಿನಲ್ಲೇ ಒಂದು ಧರ್ಮಪ್ರಾಂತ ರಚಿಸಿತು. ಎರಡು ವರ್ಷದ ಮೇಲೆ, 2012ರಲ್ಲಿ, ರೋಮ್ ಮಂಗಳೂರಿನಿಂದ ಬೇರ್ಪಡಿಸಿ ಉಡುಪಿ ಧರ್ಮಪ್ರಾಂತವನ್ನು ಮಾಡಿತು. ಕಲ್ಯಾಣಪುರದ ಮಿಲಾಗ್ರಿಸ್ ಅದರ ಪ್ರಧಾನಾಲಯವಾಯಿತು. ಪಾದ್ರಿಯನ್ನು ಕಳಿಸುವವರು ಗೋವಾದವರೋ ಮಂಗಳೂರಿನವರೋ ಎಂದು ಜಗಳವಾಡಿದ ಊರುಗಳು ಇಂದು ನದಿಯ ಆಚೆ ಈಚೆ ಎರಡು ಧರ್ಮಪ್ರಾಂತಗಳಿಗೆ ಗುರುತಾಗಿವೆ.

ಬೈಂದೂರು ಕಡೆಯ ಕಾಡಂಚಿಗೆ ಹೋದರೆ ಇನ್ನೊಂದು ಬಗೆ. ಕೊಲ್ಲೂರಿನ ದಾರಿಯ ಜಡ್ಕಲ್, ಮುದೂರುಗಳಲ್ಲಿ 20ನೇ ಶತಮಾನದಲ್ಲಿ ಕೇರಳದಿಂದ ಬಂದು ರಬ್ಬರ್, ಕಾಳುಮೆಣಸು ಬೆಳೆದ ಸಿರಿಯನ್ ಕ್ರೈಸ್ತರಿದ್ದಾರೆ. ಅವರ ಮನೆಮಾತು ಮಲಯಾಳ, ಮಕ್ಕಳ ಶಾಲೆಯ ಮಾತು ಕನ್ನಡ. ಬ್ರಹ್ಮಾವರದವರು ಕೇರಳದಿಂದ ಬಿಷಪರನ್ನು ತಂದರು. ಇವರು ಕೇರಳದಿಂದ ಊರನ್ನೇ ತಂದರು. ಈ ಕುಟುಂಬಗಳ ಮೊದಲ ತಲೆಮಾರಿನವರು ಕಾಡು ಕಡಿದ, ಮಲೇರಿಯಾಕ್ಕೆ ಮಕ್ಕಳನ್ನು ಕಳೆದುಕೊಂಡ ಕಥೆಗಳು ಮನೆಮನೆಯಲ್ಲಿರುವಾಗಲೇ ಬರೆದಿಟ್ಟುಕೊಳ್ಳಬೇಕು.

ಫಿರ್ಗಜಿನ ಚರಿತ್ರೆಯಲ್ಲಿ ಜಗಳಕ್ಕಿಂತ ಹೆಚ್ಚು ಜಾಗ ಪಡೆಯಬೇಕಾದದ್ದು ವರ್ಷದ ಸುತ್ತು. ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಅಂಗಳದ, ಬೇಲಿಯ ಹೂಗಳನ್ನು ಕುಯ್ದು ತಂದು ಬಾಲೆ ಮರಿಯಳ ಮೂರ್ತಿಗೆ ಹಾಕುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳಿಗೆ ಆಶೀರ್ವಾದ ಮಾಡಿ ಮನೆಮನೆಗೆ ಹಂಚುತ್ತಾರೆ. ಮನೆಯ ಹಿರಿಯರು ಆ ಹೊಸ ಅಕ್ಕಿಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಸೇರಿಸಿ ಎಲ್ಲರಿಗೂ ಕೊಡುತ್ತಾರೆ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಬಾಳೆ ಎಲೆಯ ಮೇಲೆ ಬೆಸ ಸಂಖ್ಯೆಯ ಪಲ್ಯ, ಪದಾರ್ಥ. ಪಕ್ಕದ ಬಂಟರ, ಬಿಲ್ಲವರ, ಬ್ರಾಹ್ಮಣರ ಮನೆಗಳಲ್ಲಿ ಸರಿಸುಮಾರು ಅದೇ ದಿನಗಳಲ್ಲಿ ಹೊಸ್ತ್. ಗದ್ದೆಯಿಂದ ಕದಿರು ತಂದು, ಮಾವು, ಹಲಸು, ಬಿದಿರಿನ ಎಲೆಗಳ ಜೊತೆ ಕಟ್ಟಿ, ಬಾಗಿಲಿಗೆ, ಕಂಬಕ್ಕೆ, ನೊಗಕ್ಕೆ ಸಿಕ್ಕಿಸಿ, ಹೊಸ ಅಕ್ಕಿಯ ಅನ್ನ ಉಣ್ಣುವ ಹಬ್ಬ. ಗದ್ದೆ ಒಂದೇ, ಮಳೆ ಒಂದೇ, ತೆನೆ ಬಲಿಯುವ ವಾರ ಒಂದೇ. ಲಿಸ್ಬನ್ನಿನ ದೊರೆಯೂ ರೋಮಿನ ಪೋಪರೂ ಈ ಒಂದು ವಿಷಯದಲ್ಲಿ ಏನನ್ನೂ ಬದಲಿಸಲು ಆಗಲಿಲ್ಲ.

ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿ ಪ್ಯಾರಿಷ್ ಹುಟ್ಟು, ಮದುವೆ, ಸಾವುಗಳ ದಾಖಲೆ ಇಡಬೇಕೆಂಬ ಆಜ್ಞೆಯಾಯಿತು. ಅಲ್ಲಿನ ಬಡ ಕೂಲಿಯವನ ಮೊಮ್ಮಗನಿಗೂ ತನ್ನ ಐದಾರು ತಲೆಮಾರಿನ ಹೆಸರು ಹುಡುಕಲು ಸಾಧ್ಯವಾಗಿರುವುದು ಅದರಿಂದ. ನಮ್ಮ ಹಳ್ಳಿಗಳಲ್ಲಿ ಶಾಸನ ಬರೆಸಿದ್ದು ಅರಸರು, ಕಡತದಲ್ಲಿ ಹೆಸರು ಬಂದದ್ದು ತೀರ್ವೆ ಕಟ್ಟಿದವರದು. ಗೇಣಿಗೆ ದುಡಿದವರ, ಹೆಂಗಸರ, ಹುಟ್ಟಿ ವಾರದಲ್ಲೇ ಸತ್ತ ಮಗುವಿನ ಹೆಸರು ಬರೆದಿಟ್ಟ ಹಳೆಯ ಪುಸ್ತಕ ಕರಾವಳಿಯಲ್ಲಿ ಇದ್ದರೆ ಅದು ಇಗರ್ಜಿಯ ಕಪಾಟಿನಲ್ಲಿದೆ. ಯಾವ ಮಳೆಗಾಲದಲ್ಲಿ ಸಾವು ಒಮ್ಮೆಲೇ ಏರಿತು ಎಂಬುದರಿಂದ ಕಾಲರಾ ಬಂದ ವರ್ಷ ತಿಳಿಯುತ್ತದೆ. ಮದುವೆಗೆ ಹೆಣ್ಣು ಬಂದ ಊರುಗಳಿಂದ ಆ ಕಾಲದ ದೋಣಿ ದಾರಿ ತಿಳಿಯುತ್ತದೆ. ಅಪ್ಪನ ಕಸುಬು ಬರೆದಿದ್ದರೆ ಊರು ಏನು ಮಾಡಿ ಉಣ್ಣುತ್ತಿತ್ತು ಎಂಬುದೂ. 1784ಕ್ಕೆ ಹಿಂದಿನ ಕಾಲಕ್ಕೆ ಗೋವಾದ ದಾಖಲೆ ಭಂಡಾರ, ಪ್ರವಾಸಿಗಳ ಬರಹ, ಕೆಳದಿಯ ಒಪ್ಪಂದಗಳನ್ನೇ ಹೆಚ್ಚಾಗಿ ಆತುಕೊಳ್ಳಬೇಕು. ಆಮೇಲಿನ ಕಾಲಕ್ಕೆ ಮಾತ್ರ ಊರಿನ ಪುಸ್ತಕ ಊರಲ್ಲೇ ಇದೆ.

ಆದರೆ ನಮ್ಮದು ಮೂರು ತಿಂಗಳು ಗೋಡೆ ಬೆವರುವ ಸೀಮೆ. ಒರಲೆ, ಬೂಸಲು, ಉಪ್ಪುಗಾಳಿಗೆ ಕಾಗದದ ಮೇಲೆ ಕರುಣೆಯಿಲ್ಲ. ಮೋರ್‌ಬಾತಿನ ಪಾದ್ರಿಯ ಲೆಕ್ಕದ ಪುಸ್ತಕವನ್ನು 1904ರಲ್ಲಿ ಅಚ್ಚು ಹಾಕಿಸಿದ್ದರಿಂದಲೇ ಆ 33 ಮನೆಗಳ ಕಥೆ ನೂರು ವರ್ಷದ ಮೇಲೂ ಓದಲು ಸಿಕ್ಕಿತು. ಕುಂದಾಪುರ, ಗಂಗೊಳ್ಳಿ, ಬಾರ್ಕೂರು, ಬ್ರಹ್ಮಾವರ, ಬೈಂದೂರುಗಳ ವಿಗಾರರು, ಗುರ್ಕಾರರು, ಊರಿನ ಕಾಲೇಜುಗಳ ಇತಿಹಾಸದ ಮೇಷ್ಟ್ರುಗಳು ಒಂದು ಬೇಸಿಗೆ ರಜೆಯಲ್ಲಿ ಕೂತರೆ ಹಳೆಯ ಪುಟಗಳನ್ನೆಲ್ಲ ಫೋಟೊ ಹಿಡಿದಿಡಬಹುದು. ದೇವಸ್ಥಾನದ ಹುಂಡಿ ಲೆಕ್ಕ, ಮಸೀದಿಯ ಜಮಾತಿನ ಪುಸ್ತಕ, ಬಸದಿಯ ಕಡತ ಇಟ್ಟುಕೊಂಡವರೂ ಜೊತೆಗೆ ಸೇರಲಿ. ಈ ಬರಹ ಓದಿದವರ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ, ಅವರ ತವರಿನ ಇಗರ್ಜಿ ಯಾವುದು, ಆಗ ಪಾದ್ರಿ ಯಾರಿದ್ದರು ಎಂದು ಈ ಭಾನುವಾರವೇ ಕೇಳಿ, ಬರೆದಿಡಿ.